ಮುಂಬಯಿಯ ಹೊರವಲಯ: ಮನೆಯ ಬೆಲೆಯನ್ನು ಗಂಟೆಗಳಲ್ಲಿ ತೆರುವವರು

2001ರ ಜನಗಣತಿಯಲ್ಲಿ ಮುಂಬಯಿ ದ್ವೀಪನಗರದ, ಎಂದರೆ ಕೊಲಾಬಾದಿಂದ ಮಾಹಿಮ್-ಸಯನ್‌ವರೆಗಿನ ಹಳೆಯ ಊರಿನ ಜನಸಂಖ್ಯೆ ಸುಮಾರು 33.4 ಲಕ್ಷವಿತ್ತು. 2011ರ ವೇಳೆಗೆ ಅದು 30.9 ಲಕ್ಷಕ್ಕೆ ಇಳಿಯಿತು. ಅದೇ ಹತ್ತು ವರ್ಷಗಳಲ್ಲಿ, ಪಾಲ್ಘರ್ ಇನ್ನೂ ಬೇರ್ಪಡದಿದ್ದ ಥಾಣೆ ಜಿಲ್ಲೆಯ ಜನಸಂಖ್ಯೆ 81 ಲಕ್ಷದಿಂದ 1.10 ಕೋಟಿಗೆ ಏರಿತು. 2021ರಲ್ಲಿ ಜನಗಣತಿ ನಡೆಯಲಿಲ್ಲವಾದರೂ ಮುಂದಿನ ಕತೆಯನ್ನು ತಿಳಿಯಲು ಬೆಳಗಿನ ಹೊತ್ತು ಡೊಂಬಿವಲಿ ನಿಲ್ದಾಣದ ಸೇತುವೆಯ ಮೇಲೆ ಕಾಲು ಗಂಟೆ ನಿಂತರೆ ಸಾಕು.

ನಗರ ತನ್ನ ದುಡಿಮೆಗಾರರನ್ನು ಹೊರಗೆ ಕಳುಹಿಸಿದ್ದು ಒಂದೇ ದಿನದಲ್ಲಲ್ಲ. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಹಳೆಯ ಬಾಡಿಗೆದಾರನನ್ನು ಕಾಪಾಡಿತು. ಆದರೆ ಬಾಡಿಗೆಗಾಗಿ ಹೊಸ ಮನೆ ಕಟ್ಟಿಸುವವರೇ ಕಡಿಮೆಯಾದರು; ಪಗಡಿಯ ಹಣ ಹೊಂದಿಸಲಾಗದವನಿಗೆ ಊರೊಳಗೆ ನೆಲೆಯಿಲ್ಲದಂತಾಯಿತು. 1982ರಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಆರಂಭವಾದ ಜವಳಿ ಗಿರಣಿ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಪರಳ್, ಲಾಲ್‌ಬಾಗ್‌ಗಳಲ್ಲಿ ಚಿಮಣಿಗಳಿದ್ದಲ್ಲಿ ಗೋಪುರಗಳೂ ಮಾಲ್‌ಗಳೂ ಎದ್ದವು. ಚಾಳಿನ ಖೋಲಿ ಮಾರಿ ಬಂದ ಹಣಕ್ಕೆ ನಾಲಾಸೋಪಾರದಲ್ಲೋ ಬದ್ಲಾಪುರದಲ್ಲೋ ಒಂದು ಫ್ಲ್ಯಾಟು ದೊರೆಯಿತು.

ನಮ್ಮ ತುಳು-ಕನ್ನಡಿಗರ ಪಾಲಿಗೂ ಇದು ಹೊರಗಿನ ಕತೆಯಲ್ಲ. ಹಿಂದೆ ಹೋಟೆಲಿನ ಮಾಣಿ ಹೋಟೆಲಿನಲ್ಲೇ ಮಲಗುತ್ತಿದ್ದ. ರಾತ್ರಿ ಗಿರಾಕಿಗಳು ಹೋದ ಮೇಲೆ ಮೇಜು ಸರಿಸಿ ಚಾಪೆ ಹಾಸಿದರೆ ಅದೇ ಅವನ ಮನೆ. ನಡೆದು ಹೋಗುವಷ್ಟು ದೂರದಲ್ಲಿ ಕನ್ನಡ ರಾತ್ರಿಶಾಲೆಯಿತ್ತು. ಆತ ಸಂಸಾರಸ್ಥನಾದ ಮೇಲೆ ನೆಲೆಯನ್ನು ಅರಸಿದ್ದು ವಿರಾರ್, ಡೊಂಬಿವಲಿ, ಕಲ್ಯಾಣಗಳಲ್ಲಿ. ಹೆಂಡತಿ ಮಕ್ಕಳಿಗೆ ಸ್ವಂತ ಸೂರು ದೊರೆತದ್ದು ಸಣ್ಣ ಸಾಧನೆಯಲ್ಲ. ಹೊರವಲಯವನ್ನು ಬರೀ ಶಾಪವೆಂದು ಚಿತ್ರಿಸುವವರು ಇದನ್ನು ಮರೆಯಬಾರದು.

ಈ ವಲಸೆಯನ್ನು ಸಾಧ್ಯವಾಗಿಸಿದ್ದು ರೈಲಿನ ಮಾಸಿಕ ಪಾಸು. ಚರ್ಚ್‌ಗೇಟಿನಿಂದ ವಿರಾರಿಗೆ 60 ಕಿಲೋಮೀಟರ್. ಎರಡನೆಯ ದರ್ಜೆಯಲ್ಲಿ ತಿಂಗಳಿಡೀ ಪಯಣಿಸಲು ಕೆಲವೇ ನೂರು ರೂಪಾಯಿ. ಇದನ್ನು ಬಡವರಿಗೆ ಸರಕಾರ ಕೊಡುವ ರಿಯಾಯಿತಿ ಎನ್ನುವುದು ವಾಡಿಕೆ. ನನಗೆ ತೋರುವಂತೆ ಇದು ಮಾಲಿಕರಿಗೂ ಸಿಗುವ ರಿಯಾಯಿತಿ. ಕೆಲಸಗಾರ ನಗರದೊಳಗೆ ಬಾಡಿಗೆ ಕೊಡಲು ಬೇಕಾದಷ್ಟು ಸಂಬಳವನ್ನು ಯಾರೂ ಕೊಡಬೇಕಾಗಿಲ್ಲ. ವ್ಯತ್ಯಾಸವನ್ನು ಅವನೇ ದಿನಕ್ಕೆ ಮೂರು ನಾಲ್ಕು ಗಂಟೆಗಳ ರೂಪದಲ್ಲಿ ತುಂಬಿಕೊಡುತ್ತಾನೆ. ಗಾಡಿ ಮುಂದಕ್ಕೆ ಹೋದಂತೆ ಅಲ್ಲಿಯ ಜಾಗದ ಬೆಲೆ ಏರುತ್ತದೆ, ಹೊಸದಾಗಿ ಬಂದವನು ಇನ್ನೂ ಮುಂದಕ್ಕೆ ಹೋಗುತ್ತಾನೆ. ಬೊರಿವಲಿ-ವಿರಾರ್ ನಡುವೆ ನಾಲ್ಕು ಹಳಿಗಳಾದದ್ದು 2007ರಲ್ಲಿ. 2013ರಲ್ಲಿ ಲೋಕಲ್ ಗಾಡಿಗಳು 124 ಕಿಲೋಮೀಟರ್ ದೂರದ ಡಹಾಣುವನ್ನು ಮುಟ್ಟಿದವು.

ಈ ಗಂಟೆಗಳ ಸುತ್ತ ಒಂದು ಆರ್ಥಿಕತೆಯೇ ಬೆಳೆದಿದೆ. ನಿಲ್ದಾಣದ ಹೊರಗೆ ಹೆಚ್ಚಿಟ್ಟ ತರಕಾರಿ, ಸುಲಿದ ಬಟಾಣಿ ಮಾರುವವರು, ಡೊಂಬಿವಲಿಯ ಪೋಳಿ-ಭಾಜಿ ಕೇಂದ್ರಗಳು, ಕೂಸುಗಳನ್ನು ನೋಡಿಕೊಳ್ಳುವ ಪಾಳನಾಘರಗಳು, ಶೇರ್ ರಿಕ್ಷಾಗಳು: ಇವೆಲ್ಲ ಹೊತ್ತಿಲ್ಲದವರಿಗೆ ಹೊತ್ತನ್ನು ಮಾರುವ ವ್ಯಾಪಾರಗಳು. ಕೊಳ್ಳುವವರು ಹೆಚ್ಚಾಗಿ ದುಡಿಯುವ ಹೆಂಗಸರು, ಮಾರುವವರೂ ಬಹುಮಟ್ಟಿಗೆ ಹೆಂಗಸರೇ. ಕಚೇರಿಯಿಂದ ಹಿಂದಿರುಗಿದ ಗಂಡಸಿಗೆ ದಿನ ಮುಗಿಯಿತು. ಹೆಂಗಸಿಗೆ ಆಗಷ್ಟೇ ಎರಡನೆಯ ಪಾಳಿ. ಕುಳಿತುಕೊಳ್ಳಲು ಒಂದು ಸೀಟಿಗಾಗಿ ಡೊಂಬಿವಲಿಯವರು ಮೊದಲು ಕಲ್ಯಾಣಕ್ಕೆ ಹಿಂದೆ ಹೋಗಿ ಅಲ್ಲಿಂದ ಅದೇ ಗಾಡಿಯಲ್ಲಿ ಬರುವುದುಂಟು. ಮುಂದೆ ಹೋಗಲು ಹಿಂದೆ ಹೋಗಬೇಕಾದ ಊರು ಇದು!

ಸೀಟು ಸಿಗದವರ ಸ್ಥಿತಿ ಎಲ್ಲರಿಗೂ ಗೊತ್ತು. 2025ರ ಜೂನ್ 9ರಂದು ಮುಂಬ್ರಾ ಬಳಿ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದು ಕನಿಷ್ಠ ನಾಲ್ವರು ಸತ್ತಾಗ ತಾನೇ ಮುಚ್ಚಿಕೊಳ್ಳುವ ಬಾಗಿಲುಗಳ ಮಾತು ಬಂತು. ಆದರೆ ಜಾಗವೇ ಇಲ್ಲದ ಗಾಡಿಯ ಬಾಗಿಲು ಮುಚ್ಚಿದರೆ ಹೊರಗುಳಿದವನು ಕಚೇರಿಗೆ ಹೇಗೆ ಹೋಗಬೇಕು? 2017ರ ಡಿಸೆಂಬರಿನಲ್ಲಿ ಬಂದ ಹವಾನಿಯಂತ್ರಿತ ಲೋಕಲ್‌ಗಳಿಗೆ ಬಾಗಿಲುಗಳಿವೆ. ಅವುಗಳ ಪಾಸು ಸಾಮಾನ್ಯ ಪಾಸಿನ ಹಲವು ಪಟ್ಟು.

ಈಚಿನ ದಶಕಗಳಲ್ಲಿ ಕೆಲಸವೂ ಸ್ಥಳ ಬದಲಿಸಿದೆ. ಫೋರ್ಟ್, ನಾರಿಮನ್ ಪಾಯಿಂಟ್‌ಗಳ ಕಚೇರಿಗಳು ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೂ ಅಂಧೇರಿ, ಪೊವಾಯಿ, ಏರೋಲಿಗಳಿಗೂ ಹಂಚಿಹೋದವು. ಹಳಿಗಳು ಮಾತ್ರ ಇಂದಿಗೂ ಮುಖ್ಯವಾಗಿ ಉತ್ತರದಿಂದ ದಕ್ಷಿಣಕ್ಕೇ ಓಡುತ್ತವೆ. ವಸಾಯಿ-ದಿವಾ ಮಾರ್ಗ ಅಡ್ಡವಾಗಿ ಜೋಡಿಸುತ್ತದೆ, ಆದರೆ ಅದರಲ್ಲಿ ಗಾಡಿಗಳು ಬೆರಳೆಣಿಕೆಯಷ್ಟು.

ಮಾಟುಂಗ, ಮಾಹಿಮ್‌ಗಳ ನಮ್ಮ ಹಳೆಯ ಸಭಾಗೃಹಗಳಲ್ಲಿ ಕಾರ್ಯಕ್ರಮದ ಕೊನೆಯ ಭಾಗಕ್ಕೆ ಕುರ್ಚಿಗಳು ಖಾಲಿಯಾಗುವುದನ್ನು ಸಂಘಟಕರು ಸದಭಿರುಚಿಯ ಕೊರತೆಯೆಂದು ದೂರುತ್ತಾರೆ. ಎದ್ದು ಹೋದವರು ಹೆಚ್ಚಾಗಿ ವಿರಾರ್, ಬದ್ಲಾಪುರದ ಗಾಡಿ ಹಿಡಿಯಬೇಕಾದವರು. ಡೊಂಬಿವಲಿ, ವಸಾಯಿ ಕಡೆಯ ಸಂಘಗಳು ಅಲ್ಲಲ್ಲೇ ನಾಟಕ, ಯಕ್ಷಗಾನ ಏರ್ಪಡಿಸುತ್ತಿರುವುದು ಈ ದೃಷ್ಟಿಯಿಂದ ಸರಿಯಾದ ದಾರಿ. ಸರಕಾರ ಮಾತ್ರ ಇಷ್ಟೂ ಬೇಗ ಕಲಿಯುತ್ತಿಲ್ಲ. ಕಲ್ಯಾಣದ ಕಡೆಯ ಗಾಡಿಗಳು ಥಾಣೆ ನಿಲ್ದಾಣವನ್ನು ಮುಟ್ಟದೆ ನೇರ ನವಿ ಮುಂಬಯಿಗೆ ಹೋಗಲೆಂದು ಏರೋಲಿ-ಕಳ್ವಾ ಎತ್ತರಿಸಿದ ಮಾರ್ಗಕ್ಕೆ ಮಂಜೂರಾತಿ ದೊರೆತದ್ದು 2016ರಲ್ಲಿ. ಅದರ ದಿಘಾ ನಿಲ್ದಾಣ 2024ರ ಜನವರಿಯಲ್ಲಿ ತೆರೆಯಿತು. ಮಾರ್ಗದ ಉಳಿದ ಭಾಗ, ದಾರಿಯಲ್ಲಿ ಮನೆ ಕಳೆದುಕೊಳ್ಳಬೇಕಾದ ಗುಡಿಸಲುವಾಸಿಗಳ ಪುನರ್ವಸತಿ ಇತ್ಯರ್ಥವಾಗದೆ, ವರ್ಷಗಟ್ಟಲೆ ನನೆಗುದಿಗೆ ಬಿತ್ತು.