ಬಾಗಿಲಿನ ಹೊರಗೆ ಕಳೆದ ವರ್ಷಗಳು

2025ರ ಜುಲೈ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಬರ್ನಾರ್ಡಿನೋ ಧರ್ಮಕ್ಷೇತ್ರದ ಧರ್ಮಾಧ್ಯಕ್ಷರಾದ ಆಲ್ಬರ್ಟೋ ರೋಹಾಸ್ ಅವರು ತಮ್ಮ ಜನರಿಗಾಗಿ ಒಂದು ಆಜ್ಞಾಪತ್ರವನ್ನು ಹೊರಡಿಸಿದರು. ವಲಸೆ ಅಧಿಕಾರಿಗಳು ಹಿಡಿದೊಯ್ಯುವರೆಂಬ ನಿಜವಾದ ಭಯವುಳ್ಳವರಿಗೆ ಭಾನುವಾರದ ಬಲಿಪೂಜೆಯ ಕಡ್ಡಾಯದಿಂದ ವಿನಾಯಿತಿ ನೀಡಲಾಗಿದೆ ಎಂಬುದು ಆ ಪತ್ರದ ತಿರುಳು. ಸುಮಾರು 16 ಲಕ್ಷ ಕಥೋಲಿಕರಿರುವ ಧರ್ಮಕ್ಷೇತ್ರವದು. ಧರ್ಮಾಧ್ಯಕ್ಷರು ಸ್ವತಃ ಮೆಕ್ಸಿಕೋದಲ್ಲಿ ಹುಟ್ಟಿದವರು. ಇಂತಹ ವಿನಾಯಿತಿಯನ್ನು ಕೊರೋನಾ ಕಾಲದಲ್ಲಿ ನಾವೂ ಕಂಡಿದ್ದೇವೆ. ಆಗ ಜನರು ಹೆದರಿದ್ದು ರೋಗಕ್ಕೆ. ಇಲ್ಲಿ ಹೆದರಿದ್ದು ಮನುಷ್ಯರಿಗೆ.

ಅದೇ ವರ್ಷದ ಜನವರಿಯಲ್ಲಿ ಅಲ್ಲಿನ ಸರಕಾರವು ಒಂದು ಹಳೆಯ ನಿಯಮವನ್ನು ತೆಗೆದುಹಾಕಿತ್ತು. ಚರ್ಚು, ಶಾಲೆ, ಆಸ್ಪತ್ರೆಗಳಂತಹ ಸ್ಥಳಗಳಲ್ಲಿ ವಲಸಿಗರನ್ನು ಸಾಮಾನ್ಯವಾಗಿ ಬಂಧಿಸಬಾರದೆಂಬುದು ಆ ನಿಯಮ. ಚರ್ಚಿನ ಬಾಗಿಲಿಗೂ ಆಸ್ಪತ್ರೆಯ ಬಾಗಿಲಿಗೂ ಒಂದೇ ರಕ್ಷಣೆಯಿತ್ತು. ಎರಡೂ ಒಂದೇ ದಿನ ಹೋಯಿತು. ಪತ್ರಿಕೆಗಳು ಪೂಜೆಯ ವಿಷಯವನ್ನು ದೊಡ್ಡದಾಗಿ ಬರೆದವು. ನನ್ನ ಮನಸ್ಸು ಹೋದದ್ದು ಎರಡನೆಯ ಬಾಗಿಲಿನ ಕಡೆಗೆ. ಧರ್ಮಾಧ್ಯಕ್ಷರು ಬಲಿಪೂಜೆಗೆ ವಿನಾಯಿತಿ ಕೊಡಬಲ್ಲರು. ಎಚ್.ಐ.ವಿ. ಸೋಂಕು ತಗುಲಿದವನೊಬ್ಬನು ದಿನವೂ ನುಂಗಬೇಕಾದ ಗುಳಿಗೆಗೆ, ಕೆಲವು ತಿಂಗಳಿಗೊಮ್ಮೆ ಮಾಡಿಸಬೇಕಾದ ರಕ್ತಪರೀಕ್ಷೆಗೆ ವಿನಾಯಿತಿ ಕೊಡುವವರು ಯಾರಿದ್ದಾರೆ?

ಅಮೆರಿಕದಲ್ಲಿ ಸ್ಪಾನಿಷ್ ಭಾಷೆಯ ನಾಡುಗಳ ಮೂಲದವರನ್ನು ಹಿಸ್ಪಾನಿಕರೆಂದು ಕರೆಯುತ್ತಾರೆ. 2020ರ ಜನಗಣತಿಯ ಪ್ರಕಾರ ಅವರ ಸಂಖ್ಯೆ ಆರು ಕೋಟಿಯನ್ನು ಮೀರಿದೆ. ನೂರು ಮಂದಿಯಲ್ಲಿ 19 ಮಂದಿ ಅವರು. ಬಹುಪಾಲು ನಮ್ಮಂತೆಯೇ ಕ್ರೈಸ್ತರು, ಅವರಲ್ಲಿಯೂ ಕಥೋಲಿಕರೇ ಹೆಚ್ಚು. 2022ರಲ್ಲಿ ಆ ದೇಶದಲ್ಲಿ ಹೊಸದಾಗಿ ಎಚ್.ಐ.ವಿ. ಸೋಂಕು ತಗುಲಿದವರು ಅಂದಾಜು 31,800 ಮಂದಿ. ಅವರಲ್ಲಿ ನೂರಕ್ಕೆ 33ರಷ್ಟು ಹಿಸ್ಪಾನಿಕರು. ಹತ್ತೊಂಬತ್ತು ಎಲ್ಲಿ, ಮೂವತ್ತಮೂರು ಎಲ್ಲಿ!

ಈ ಅಂಕಿಗಳನ್ನು ಓದಿದೊಡನೆ ಮನಸ್ಸು ಎರಡು ತೀರ್ಮಾನಗಳಿಗೆ ಹಾರುತ್ತದೆ. ಒಂದು, ಇವರು ರೋಗವನ್ನು ತಮ್ಮ ನಾಡಿನಿಂದ ಹೊತ್ತು ತಂದಿದ್ದಾರೆ. ಇನ್ನೊಂದು, ಇವರಿಗೆ ಶಿಸ್ತಿಲ್ಲ, ಕೊಟ್ಟ ಔಷಧಿಯನ್ನು ಸರಿಯಾಗಿ ಸೇವಿಸುವುದಿಲ್ಲ. ವಲಸೆ ಬಂದವರ ಬಗ್ಗೆ ಎಲ್ಲ ದೇಶಗಳಲ್ಲಿಯೂ, ನಮ್ಮ ಊರುಗಳಲ್ಲಿಯೂ ಆಡುವ ಮಾತು ಇದೇ. ಕಾಗೆ ಕುಳಿತ ಹೊತ್ತಿಗೇ ತಾಳೆಯ ಹಣ್ಣು ಬಿದ್ದರೆ ಕಾಗೆಯೇ ಕೆಡವಿತೆಂದು ಹೇಳುವ ತರ್ಕವದು. ಮೆಕ್ಸಿಕೋದ ವಯಸ್ಕರಲ್ಲಿ ಈ ಸೋಂಕಿನ ಪ್ರಮಾಣವು ಅಮೆರಿಕದಲ್ಲಿರುವುದಕ್ಕಿಂತ ಹೆಚ್ಚೇನಲ್ಲ. 1981ರ ಜೂನ್ 5ರಂದು ಈ ರೋಗದ ಮೊದಲ ವರದಿ ಪ್ರಕಟವಾದದ್ದು ಅಮೆರಿಕದ ಲಾಸ್ ಏಂಜಲೀಸ್ ನಗರದ ಐವರು ರೋಗಿಗಳನ್ನು ಕುರಿತು. ವಲಸಿಗರಲ್ಲಿ ಅನೇಕರಿಗೆ ಸೋಂಕು ತಗುಲುವುದು ಗಡಿ ದಾಟಿ ಬಂದು, ಒಂಟಿಯಾಗಿ ದುಡಿಯತೊಡಗಿದ ಮೇಲೆ.

ಎರಡನೆಯ ತೀರ್ಮಾನವನ್ನು ಪರೀಕ್ಷಿಸಬೇಕಾದರೆ ‘ಹಿಸ್ಪಾನಿಕ್’ ಎಂಬ ಹೆಸರನ್ನೇ ಬಿಡಿಸಿ ನೋಡಬೇಕು. ಒಂದೇ ಹೆಸರಿನಲ್ಲಿ ಎರಡು ಬೇರೆ ವಸ್ತುಗಳಿದ್ದರೆ ವಾದವೆಲ್ಲ ಕೆಡುತ್ತದೆಂದು ಗುರುಮಠದ ತರ್ಕಶಾಸ್ತ್ರದ ಮೊದಲ ತಿಂಗಳಲ್ಲಿಯೇ ನಮಗೆ ಕಲಿಸಿದ್ದರು. ಹಿಸ್ಪಾನಿಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲಿಯೇ ಹುಟ್ಟಿದವರು. ಇಂಗ್ಲಿಷ್ ಬಲ್ಲವರು, ಹುಟ್ಟಿನಿಂದ ಪೌರರು. ಉಳಿದ ಒಂದು ಪಾಲು ಹೊರನಾಡುಗಳಲ್ಲಿ ಹುಟ್ಟಿ ಬಂದವರು. ಇವರಲ್ಲಿ ಕೆಲವರಿಗೆ ಪೌರತ್ವವಿದೆ, ಕೆಲವರಿಗೆ ವಾಸದ ಪರವಾನಗಿಯಿದೆ, ಅನೇಕರಿಗೆ ಯಾವ ಕಾಗದವೂ ಇಲ್ಲ.

ಈ ಎರಡು ಗುಂಪುಗಳನ್ನು ಬೇರೆ ಬೇರೆಯಾಗಿ ಎಣಿಸಿದ ಹಲವು ಅಧ್ಯಯನಗಳಲ್ಲಿ ಕಂಡುಬಂದ ಸಂಗತಿ ವಿಚಾರಯೋಗ್ಯವಾದುದು. ಹೊರನಾಡಿನಲ್ಲಿ ಹುಟ್ಟಿದವರಲ್ಲಿ ಸೋಂಕು ತಡವಾಗಿ ಪತ್ತೆಯಾಗುತ್ತದೆ. ಈ ವೈರಸ್ಸು ದೇಹದಲ್ಲಿ ಸದ್ದಿಲ್ಲದೆ ಎಂಟು ಹತ್ತು ವರ್ಷ ಇರಬಲ್ಲದು. ರಕ್ತದಲ್ಲಿರುವ ಸಿಡಿ4 ಎಂಬ ರಕ್ಷಕ ಕಣಗಳು ಘನ ಮಿಲಿಮೀಟರಿಗೆ 200ಕ್ಕಿಂತ ಕೆಳಗಿಳಿದಾಗ ವೈದ್ಯರು ಅದನ್ನು ಏಡ್ಸ್ ಎನ್ನುತ್ತಾರೆ. ವಲಸಿಗರಲ್ಲಿ ಅನೇಕರ ಮೊದಲ ಪರೀಕ್ಷೆಯಾಗುವುದೇ ಆ ಹಂತದಲ್ಲಿ, ನ್ಯುಮೋನಿಯಾ ಹಿಡಿದು ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊತ್ತು ತಂದಾಗ. ಆದರೆ ಒಮ್ಮೆ ಚಿಕಿತ್ಸೆಗೆ ಸೇರಿದ ಮೇಲೆ? ಅಲ್ಲಿಯೇ ಹುಟ್ಟಿದ ಹಿಸ್ಪಾನಿಕರಷ್ಟೇ ಚೆನ್ನಾಗಿ, ಕೆಲವು ಅಧ್ಯಯನಗಳಲ್ಲಿ ಅವರಿಗಿಂತಲೂ ಚೆನ್ನಾಗಿ, ಇವರಲ್ಲಿ ವೈರಸ್ಸು ಹತೋಟಿಗೆ ಬರುತ್ತದೆ. ಅವರಿಗಿಂತ ಬಡವರು, ಓದು ಕಡಿಮೆ, ಭಾಷೆ ಬಾರದು, ವಿಮೆಯಿಲ್ಲ. ಆದರೂ ಗುಳಿಗೆಯನ್ನು ತಪ್ಪಿಸುವುದಿಲ್ಲ.

ಹಾಗಾದರೆ ಅಂತರವು ರೋಗಿಯ ಶಿಸ್ತಿನಲ್ಲಿಲ್ಲ. ಅದು ಬಾಗಿಲಿನ ಹೊರಗೆ ಕಳೆದುಹೋದ ವರ್ಷಗಳಲ್ಲಿದೆ.

ಆ ಬಾಗಿಲನ್ನು ಕಟ್ಟಿದವರು ಯಾರೆಂಬುದಕ್ಕೆ ಇತಿಹಾಸವಿದೆ. 1987ರಲ್ಲಿ ಅಮೆರಿಕವು ಎಚ್.ಐ.ವಿ. ಸೋಂಕಿತರಿಗೆ ದೇಶದೊಳಗೆ ಪ್ರವೇಶವಿಲ್ಲವೆಂದು ನಿಯಮ ಮಾಡಿತು; 1993ರಲ್ಲಿ ಅದಕ್ಕೆ ಶಾಸನದ ಬಲ ಬಂತು; ಅದು ತೊಲಗಿದ್ದು 2010ರ ಜನವರಿಯಲ್ಲಿ. ಇಪ್ಪತ್ತೆರಡು ವರ್ಷಗಳ ಕಾಲ, ಪರವಾನಗಿಯ ಆಸೆಯಿದ್ದ ವಲಸಿಗನಿಗೆ ರಕ್ತಪರೀಕ್ಷೆಯೆಂದರೆ ತನ್ನ ಕೈಯಾರೆ ತನ್ನ ಅರ್ಜಿಯನ್ನು ಹರಿದುಕೊಂಡಂತೆ. ನಿಯಮ ಹೋಗಿದೆ, ಆದರೆ ಅಪ್ಪನಿಗಾದ ಭಯವನ್ನು ಮಗ ಮರೆಯಲು ಒಂದು ತಲೆಮಾರು ಬೇಕು.

ಇನ್ನು 1996ನೆಯ ಇಸವಿಯನ್ನು ತೆಗೆದುಕೊಳ್ಳಿ. ಆ ವರ್ಷದ ಜುಲೈಯಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿದ ಅಂತಾರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ, ಮೂರು ಔಷಧಿಗಳನ್ನು ಒಟ್ಟಿಗೆ ಕೊಟ್ಟರೆ ಈ ರೋಗ ಹಿಮ್ಮೆಟ್ಟುತ್ತದೆಂಬ ಸುದ್ದಿ ಜಗತ್ತಿಗೆಲ್ಲ ತಿಳಿಯಿತು. ಹಾಸಿಗೆ ಹಿಡಿದವರು ಎದ್ದು ಕೆಲಸಕ್ಕೆ ಹೋದರು. ಮರುವರ್ಷ ಅಮೆರಿಕದಲ್ಲಿ ಏಡ್ಸ್ ಸಾವುಗಳು ಹತ್ತಿರ ಹತ್ತಿರ ಅರ್ಧಕ್ಕಿಳಿದವು. ವ್ಯಾಂಕೂವರ್ ಸಮ್ಮೇಳನ ಮುಗಿದು ಆರು ವಾರಗಳಾಗುವಷ್ಟರಲ್ಲಿ, ಆಗಸ್ಟ್ 22ರಂದು, ಅಮೆರಿಕದಲ್ಲಿ ಇನ್ನೊಂದು ಕಾಯ್ದೆಗೆ ಸಹಿ ಬಿತ್ತು. ಕಾನೂನುಬದ್ಧವಾಗಿ ನೆಲೆಸಿದ ಹೊಸ ವಲಸಿಗರಲ್ಲಿಯೂ ಹೆಚ್ಚಿನವರಿಗೆ, ಬಡವರ ವೈದ್ಯಕೀಯ ನೆರವಾದ ಮೆಡಿಕೇಡ್ ಮೊದಲ ಐದು ವರ್ಷ ದೊರೆಯದಂತಾಯಿತು. ಕಾಗದವಿಲ್ಲದವರಿಗೆ ತುರ್ತು ಚಿಕಿತ್ಸೆ ಮಾತ್ರ. ಔಷಧಿ ಹುಟ್ಟಿದ ಬೇಸಿಗೆಯಲ್ಲಿಯೇ ಔಷಧಾಲಯದ ಬಾಗಿಲು ಕಿರಿದಾಯಿತು. ಆ ಕಾಯ್ದೆಯನ್ನು ಬರೆದವರ ಮನಸ್ಸಿನಲ್ಲಿ ಏಡ್ಸ್ ರೋಗಿಗಳಿದ್ದರೆಂದು ನಾನು ಹೇಳುತ್ತಿಲ್ಲ. ಇರಲಿಲ್ಲ ಎಂಬುದೇ ದುಃಖದ ಸಂಗತಿ.

ಒಂದು ಕಿಟಕಿ ಮಾತ್ರ ತೆರೆದಿತ್ತು. ಇಂಡಿಯಾನಾ ರಾಜ್ಯದ ರಯಾನ್ ವೈಟ್ ಎಂಬ ಬಾಲಕನಿಗೆ ರಕ್ತಸ್ರಾವದ ಕಾಯಿಲೆಗೆ ಕೊಟ್ಟ ಔಷಧಿಯ ಮೂಲಕ ಈ ಸೋಂಕು ತಗುಲಿತ್ತು. ಶಾಲೆಯವರು ಅವನನ್ನು ಒಳಗೆ ಸೇರಿಸಲಿಲ್ಲ. 1990ರ ಏಪ್ರಿಲ್‌ನಲ್ಲಿ, 18ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಅದೇ ಆಗಸ್ಟ್‌ನಲ್ಲಿ ಅವನ ಹೆಸರಿನಲ್ಲಿ ಕಾಯ್ದೆಯೊಂದು ಬಂತು. ಬೇರೆ ದಾರಿಯಿಲ್ಲದ ಎಚ್.ಐ.ವಿ. ರೋಗಿಗಳ ಚಿಕಿತ್ಸೆಯ ವೆಚ್ಚವನ್ನು ಅದು ಭರಿಸುತ್ತದೆ. ವಲಸೆಯ ಕಾಗದ ತೋರಿಸಬೇಕೆಂಬ ಷರತ್ತು ಆ ಕಾಯ್ದೆಯಲ್ಲಿಲ್ಲ. ಇಂದು ಐದು ಲಕ್ಷಕ್ಕೂ ಹೆಚ್ಚು ಮಂದಿ ಅದರ ಆಸರೆಯಲ್ಲಿದ್ದಾರೆ. ಚಿಕಿತ್ಸೆ ಪಡೆಯುವ ನೂರರಲ್ಲಿ ಸುಮಾರು 90 ಮಂದಿಯ ವೈರಸ್ಸು ಹತೋಟಿಯಲ್ಲಿದೆ. ವಲಸಿಗರು ಬಾಗಿಲೊಳಗೆ ಬಂದ ಮೇಲೆ ಚೇತರಿಸಿಕೊಳ್ಳುವುದಕ್ಕೆ ದೊಡ್ಡ ಕಾರಣ ಇದೇ ಎಂದು ನನ್ನ ಎಣಿಕೆ. ಯಾರೆಂದು ಕೇಳದೆ ಗಾಯ ಕಟ್ಟಿದರೆ ಗಾಯ ಮಾಯುತ್ತದೆ. ಸಂತ ಲೂಕನ ಶುಭಸಂದೇಶದ ಸಮಾರಿಯದವನು ಛತ್ರದವನಿಗೆ ಎರಡು ನಾಣ್ಯ ಕೊಟ್ಟದ್ದು ಎಲ್ಲರಿಗೂ ನೆನಪಿದೆ. ‘ಹೆಚ್ಚು ಖರ್ಚಾದರೆ ಹಿಂದಿರುಗಿ ಬರುವಾಗ ಕೊಡುತ್ತೇನೆ’ ಎಂದದ್ದನ್ನು ನಾವು ಪ್ರಸಂಗಗಳಲ್ಲಿ ಹಾರಿಸಿಬಿಡುತ್ತೇವೆ. ಜೀವಮಾನವಿಡೀ ನಡೆಯಬೇಕಾದ ಚಿಕಿತ್ಸೆಗೆ ಬೇಕಾದದ್ದು ಆ ಎರಡನೆಯ ಮಾತು.

ಎದುರುವಾದವನ್ನು ಮುಚ್ಚಿಡುವುದು ಸಲ್ಲದು. ಚಿಕಿತ್ಸೆಗೆ ಬಂದ ವಲಸಿಗರು ತಮ್ಮವರಲ್ಲಿ ಗಟ್ಟಿಗರೇ ಇರಬಹುದು. ಬಾರದೆ ಸತ್ತವರು, ಕಾಯಿಲೆ ಬಿದ್ದು ತಾಯ್ನಾಡಿಗೆ ಮರಳಿದವರು ಲೆಕ್ಕಕ್ಕೆ ಸಿಗುವುದಿಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದರಿಂದ ವಲಸಿಗರು ಅಶಿಸ್ತಿನವರೆಂದು ಸಿದ್ಧವಾಗುವುದಿಲ್ಲ. ಹೊರಗೆ ಉಳಿದವರು ನಾವೆಣಿಸಿದ್ದಕ್ಕಿಂತ ಹೆಚ್ಚೆಂದು ಸಿದ್ಧವಾಗುತ್ತದೆ.

ಅಲ್ಲಿಯೇ ಹುಟ್ಟಿದವರ ಕಥೆಯೂ ಸುಖದ್ದಲ್ಲ. ಪೋರ್ಟೊ ರಿಕೋ ದ್ವೀಪದವರು 1917ರಿಂದ ಅಮೆರಿಕದ ಪೌರರು. ಅವರಿಗೆ ಕಾಗದದ ಕೊರತೆಯಿಲ್ಲ, ಗಡಿಯ ಭಯವಿಲ್ಲ. ಆದರೂ 1980 ಮತ್ತು 90ರ ದಶಕಗಳಲ್ಲಿ ಮಾದಕ ದ್ರವ್ಯದ ಸೂಜಿಯ ಮೂಲಕ ಈ ಸೋಂಕು ಆ ದ್ವೀಪದಲ್ಲಿಯೂ, ನ್ಯೂಯಾರ್ಕಿನಲ್ಲಿದ್ದ ಅವರ ಬಡ ಕೇರಿಗಳಲ್ಲಿಯೂ ಮನೆ ಮನೆಗಳನ್ನು ಬರಿದು ಮಾಡಿತು. ಹೊರಗಿನವನು ಬಾಗಿಲಿನ ಬಳಿ ನಿಲ್ಲುತ್ತಾನೆ. ಒಳಗೆ ಹುಟ್ಟಿದ ಬಡವನು ಒಳಗಿದ್ದೇ ಕಳೆದುಹೋಗುತ್ತಾನೆ. ಸೆರೆಮನೆ, ಸೂರಿಲ್ಲದ ಬದುಕು, ವ್ಯಸನ ಇವು ಗುಳಿಗೆಯನ್ನು ತಪ್ಪಿಸುವಷ್ಟು ಗಡಿಯೂ ತಪ್ಪಿಸುವುದಿಲ್ಲ. ಒಂದೇ ಹೆಸರಿನ ಈ ಇಬ್ಬರಿಗೆ ಒಂದೇ ಮದ್ದು ಅರೆದರೆ ಇಬ್ಬರಿಗೂ ನಾಟುವುದಿಲ್ಲ.

ಧರ್ಮಸಭೆ ಸುಮ್ಮನಿತ್ತೆಂದು ಹೇಳಲಾಗದು. ನ್ಯೂಯಾರ್ಕಿನ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆ 1984ರಲ್ಲಿಯೇ ಏಡ್ಸ್ ರೋಗಿಗಳಿಗೆ ವಾರ್ಡ್ ತೆರೆಯಿತು. 1985ರ ಕ್ರಿಸ್ತಜಯಂತಿಯ ಮುನ್ನಾದಿನ ಮದರ್ ತೆರೇಸಾ ಅವರು ಅದೇ ನಗರದಲ್ಲಿ ಇಂತಹ ರೋಗಿಗಳಿಗಾಗಿ ಮನೆಯೊಂದನ್ನು ತೆರೆದರು. 1987ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೋಂಕಿತ ಪುಟ್ಟ ಬಾಲಕನೊಬ್ಬನನ್ನು ಎತ್ತಿ ಅಪ್ಪಿಕೊಂಡರು. ಅವರು ಅಪ್ಪಿಕೊಂಡ ಸ್ಥಳ, ಸ್ಪಾನಿಷ್ ಸಂನ್ಯಾಸಿಗಳು 1776ರಲ್ಲಿ ಸ್ಥಾಪಿಸಿದ ಡೊಲೊರೆಸ್ ಮಿಷನ್. ಇಂದು ಯಾರನ್ನು ಹೊರಗಿನವರೆಂದು ಹಿಡಿಯುತ್ತಾರೋ ಅವರ ಭಾಷೆ ಆ ನೆಲದಲ್ಲಿ ಇಂಗ್ಲಿಷಿಗಿಂತ ಹಳೆಯದು. ಇಷ್ಟಾಗಿಯೂ, ಇದು ದೇವರ ಶಿಕ್ಷೆಯೆಂದು ಪ್ರಸಂಗಪೀಠದಿಂದ ಹೇಳಿದವರು ಅಲ್ಲಿಯೂ ಇದ್ದರು, ಇಲ್ಲಿಯೂ ಇದ್ದರು. ಊರಿನವರ ಕಣ್ಣಿಗೆ ಬೀಳಬಾರದೆಂದು ರೋಗಿ ದೂರದ ಆಸ್ಪತ್ರೆಗೆ ಹೋಗುವುದಕ್ಕೆ ಆ ಮಾತುಗಳೂ ಕಾರಣ. ಗುರುದೀಕ್ಷೆಯ ಹೊಸತರಲ್ಲಿ ನಾನು ನಡೆಸಿದ ಒಂದು ಶವಸಂಸ್ಕಾರದಲ್ಲಿ ಮನೆಯವರು ಟಿ.ಬಿ. ಎಂದರು, ನಾನೂ ಟಿ.ಬಿ. ಎಂದೇ ಪ್ರಸಂಗ ಮಾಡಿದೆ. ಎಲ್ಲರಿಗೂ ಗೊತ್ತಿತ್ತು.

ಬಾಗಿಲುಗಳು ತೆರೆಯುವುದೂ ಉಂಟು, ಮತ್ತೆ ಮುಚ್ಚುವುದೂ ಉಂಟು. ಕ್ಯಾಲಿಫೋರ್ನಿಯಾ ರಾಜ್ಯವು 2024ರ ಜನವರಿಯಿಂದ ಕಾಗದವಿಲ್ಲದವರೂ ಸೇರಿದಂತೆ ಬಡವರೆಲ್ಲರಿಗೂ ತನ್ನ ವೈದ್ಯಕೀಯ ನೆರವನ್ನು ವಿಸ್ತರಿಸಿತು. ಹಣ ಸಾಲದೆಂದು, 2026ರ ಜನವರಿಯಿಂದ ಕಾಗದವಿಲ್ಲದ ವಯಸ್ಕರನ್ನು ಹೊಸದಾಗಿ ಸೇರಿಸಿಕೊಳ್ಳುವುದನ್ನು ನಿಲ್ಲಿಸಿತು. ಚಿಕಿತ್ಸೆಯಿಂದ ವೈರಸ್ಸು ಪೂರ್ಣ ಹತೋಟಿಗೆ ಬಂದವನಿಂದ ದೈಹಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಸೋಂಕು ಹರಡುವುದಿಲ್ಲವೆಂದು ಇಂದು ನಿಶ್ಚಯವಾಗಿ ತಿಳಿದಿದೆ. ಹೊರಗೆ ನಿಲ್ಲಿಸಿದ ಒಬ್ಬನ ಹಿಂದೆ ಅವನ ಹೆಂಡತಿಯೂ, ಹುಟ್ಟಲಿರುವ ಮಗುವೂ ನಿಂತಿರುತ್ತಾರೆ.

ಇದು ದೂರದ ದೇಶದ ಮಾತೆಂದು ತೋರಿದರೆ, ನಮ್ಮ ಮಕ್ಕಳು ಗಲ್ಫ್ ನಾಡುಗಳಿಗೆ ಹೊರಡುವಾಗ ನಡೆಯುವ ‘ಮೆಡಿಕಲ್’ ನೆನಪಿಸಿಕೊಳ್ಳಿ. ಅಲ್ಲಿ ಎಚ್.ಐ.ವಿ. ಪರೀಕ್ಷೆ ಕಡ್ಡಾಯ. ಸೋಂಕು ಕಂಡರೆ ವೀಸಾ ಇಲ್ಲ. ಅಲ್ಲಿಗೆ ಹೋದ ಮೇಲೆ ಕಂಡರೆ ಹಿಂದಕ್ಕೆ ಕಳುಹಿಸುತ್ತಾರೆ. ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಬೆಳಗಿನ ಪೂಜೆಯ ನಂತರ ಬಂದು, “ಫಾದರ್, ನಾಳೆ ಒಂದು ಪೂಜೆ ಇಡಬೇಕು, ಕಾರಣ ಓದಿ ಹೇಳುವುದು ಬೇಡ” ಎಂದರು. ಪುಸ್ತಕದಲ್ಲಿ ‘ವಿಶೇಷ ಕೋರಿಕೆ’ ಎಂದು ಬರೆದುಕೊಂಡೆ. ಮಗನ ಮೆಡಿಕಲ್ ವರದಿಯಲ್ಲಿ ‘ಅನ್‌ಫಿಟ್’ ಎಂದು ಬಂದಿತ್ತೆಂದು ಆಮೇಲೆ ಬೇರೆಯವರಿಂದ ತಿಳಿಯಿತು. ಅನ್‌ಫಿಟ್ ಎನ್ನುವುದಕ್ಕೆ ಹತ್ತು ಕಾರಣಗಳಿರಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆ ಉಚಿತವಾಗಿ, ಗುಟ್ಟಾಗಿ ಆಗುತ್ತದೆ, ಈ ಔಷಧಿಯೂ ನಮ್ಮ ದೇಶದಲ್ಲಿ 2004ರಿಂದ ಉಚಿತವಾಗಿ ಸಿಗುತ್ತದೆ ಎಂದು ಅವರಿಗೆ ಹೇಳಬೇಕೆಂದು ಎರಡು ಸಲ ಅವರ ಮನೆಯ ದಾರಿ ಹಿಡಿದೆ. ಎರಡು ಸಲವೂ ಮಳೆಯ ಮಾತು, ಅಡಿಕೆಯ ಬೆಲೆಯ ಮಾತು ಆಡಿ, ಚಹಾ ಕುಡಿದು ಹಿಂದಿರುಗಿದೆ. ಹುಡುಗ ಒಳಕೋಣೆಯಲ್ಲಿದ್ದ. ಕರೆಯಲಿಲ್ಲ.