ನಿದ್ದಿಗೆಡೋದು ತಯಾರಿ ಅಲ್ಲ

ಒಂದು ದಿನದಾಗ ಬೈಕ್ ಮ್ಯಾಲ ಸಾವಿರ ಮೈಲು ಹೋಗೋ ಹುಚ್ಚು ನಮ್ಮ ಹಿರೇಕೊಟ್ನೆಕಲ್ ತನಕ ಬಂದದ. ಹುಚ್ಚು ಅಂದದ್ದಕ್ಕ ಸಿಟ್ಟಾಗಬ್ಯಾಡ್ರಿ, ನಾ ಬೈಕಿನ ವೈರಿ ಅಲ್ಲ. ನನ್ನ ಜಗಳ ಏನಿದ್ರೂ ತಯಾರಿ ಅಂತ ಹೆಸರಿಟ್ಟು ಮನಿಯೊಳಗ ನಡದಿರೋ ನಾಟಕದ ಜೋಡಿ.

ನನ್ನ ತಮ್ಮನ ತಯಾರಿ ಕೇಳ್ರಿ. ಹೊಸ ದೀಪ ಬಂದಾವ, ಮೊಬೈಲ್ ಸ್ಟ್ಯಾಂಡ್ ಬಂದದ, ಹೆಲ್ಮೆಟ್ಟಿಗೆ ಕ್ಯಾಮೆರಾ ಬಂದದ. ಹಿಂದಿನ ಟೈರ್ ಸವದು ನುಣ್ಣಗಾಗ್ಯದ, ಚೈನ್ ಜೋತು ಬಿದ್ದದ, ಅದಕ್ಕ ಮಾತ್ರ ರೊಕ್ಕ ಇಲ್ಲ. ರಾತ್ರಿ ಎರಡು ಹೊಡಿಯೋತನ ಎಚ್ಚರಿದ್ದು, "ನಿದ್ದಿ ತಡಿಯೋದು ರೂಢಿ ಮಾಡ್ಲಿಕತ್ತೀನಿ ಅಕ್ಕಾ" ಅಂತಾನ. ಇದು ಅಂವ ಒಬ್ಬನ ಮಾತಲ್ಲ. ಓಣಿಯ ಹುಡುಗ್ರೆಲ್ಲಾ ನಿದ್ದಿಗೆಡೋದೇ ಗಂಡಸ್ತನ ಅಂತ ತಿಳ್ಕೊಂಡಾರ.

ಲೆಕ್ಕ ಮಾಡ್ರಿ. ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಅನ್ನೋರ 'ಸ್ಯಾಡಲ್‌ಸೋರ್ 1000' ಅಂದ್ರ 24 ತಾಸಿನಾಗ ಸುಮಾರು 1,610 ಕಿ.ಮೀ. ರಾಯಚೂರಿಂದ ಬೆಂಗಳೂರಿಗೆ ಹೋಗಿ, ತಿರುಗಿ ಬಂದು, ಮತ್ತ ಹೋಗಿ, ಮತ್ತ ಬಂದಂಗ. ಎಲ್ಲೂ ನಿಲ್ಲದಿದ್ರ ತಾಸಿಗೆ 67 ಕಿ.ಮೀ. ಉಣ್ಣಾಕ, ಎಣ್ಣಿ ಹಾಕಿಸಾಕ, ಮಕ್ಕೊಳ್ಳಾಕ ನಾಕು ತಾಸು ತಗದ್ರ ಉಳದ ದಾರಿ 80ರಾಗ ಹೋಗಬೇಕು. ಹಂಗಾಗಿ ಮೊದಲು ಕತ್ತರಿ ಬೀಳೋದು ನಿದ್ದಿಗೆ. ಹದಿನೇಳು ತಾಸು ಎಚ್ಚರಿದ್ದವನ ಕೈ ಕಣ್ಣು ಸ್ವಲ್ಪ ಕುಡದವನಂಗ ನಿಧಾನ ಆಗ್ತಾವ. ನಿದ್ದಿ ತಡಿಯೋದು ರೂಢಿ ಆಗೂದಿಲ್ಲ, ಸಾಲ ಬೆಳದಂಗ ಬೆಳೀತದ.

"ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಡಕಾರ್‌ಗೆ ಹೋಗಿಲ್ಲೇನು?" ಅಂತಾರ. ಹೋಗ್ಯಾನಪ್ಪ, 2015ರಾಗ ಆ ರ‍್ಯಾಲಿ ಪೂರಾ ಮುಗಿಸಿದ ಮೊದಲನೇ ಭಾರತೀಯ ಅಂವ. ಆದ್ರ ಅಲ್ಲಿಯ ಕಾಯ್ದೆ ನೋಡ್ರಿ: ನಡುವ ಎಣ್ಣಿ ಹಾಕಿಸೋ ಜಾಗದಾಗ ಬೈಕಿನವರು 15 ನಿಮಿಷ ನಿಲ್ಲಲೇಬೇಕು, ಮೈಮ್ಯಾಲ ಕುಡಿಯೋ ನೀರು ಇರಲೇಬೇಕು, ಮಂದಿ ತಿರುಗ್ಯಾಡೋ ರಸ್ತಾದಾಗ ಜೋರು ಹೊಡದ್ರ ದಂಡ. ಹಿಂದ ಡಾಕ್ಟರು, ಮ್ಯಾಲ ಹೆಲಿಕಾಪ್ಟರು. ಇಷ್ಟೆಲ್ಲಾ ಇದ್ದೂ 2021ರ ಜನವರಿಯಾಗ ಸೌದಿಯ ಮರಳಿನಾಗ ಬಿದ್ದು, ತಲಿಗೆ ಪೆಟ್ಟಾಗಿ, ಡಾಕ್ಟರೇ ಅವನ್ನ ಕೋಮಾದಾಗ ಇಡಬೇಕಾತು. ನಮ್ಮ ಹುಡುಗ್ರು ಅವನ ಫೋಟೋ ಗ್ವಾಡಿಗೆ ಹಚ್ಚತಾರ, ಅವನ ಶಿಸ್ತು ಬಾಗಲಾಚಿ ಇಡತಾರ.

ನಮ್ಮ ರಸ್ತಾ ಮರಳುಗಾಡಲ್ಲ. ಹಿಂದ ಕೆಂಪು ದೀಪ ಇಲ್ಲದ ಟ್ರ್ಯಾಕ್ಟರ್ ನಿಂತಿರತದ, ಎಮ್ಮಿ ಅಡ್ಡ ಬರತದ, ರಸ್ತಾದ ಮಗ್ಗಲಕ್ಕ ಮುದುಕಿ ನೆಲ್ಲು ಒಣಗಿಸಿರತಾಳ. ಆಕಿ ಯಾವ ರ‍್ಯಾಲಿಗೂ ಹೆಸರು ಕೊಟ್ಟಿಲ್ಲ. ಸರ್ಕಾರದ ಒಪ್ಪಿಗಿ ಇಲ್ಲದ ರಸ್ತಾದಾಗ ಪಂದ್ಯ ಕಟ್ಟಿ ಓಡಿಸೋದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ.

ತಾಳಿಕಿ ಅಂದ್ರೇನು ಅಂತ ನಮಗ ಹೊರಗಿನವರು ಕಲಿಸಬೇಕಾಗಿಲ್ಲ. ಯುಗಾದಿಗೆ ಶ್ರೀಶೈಲಕ್ಕ ನಡಕೊಂಡು ಹೋಗೋರು ನೆಳ್ಳಿದ್ದಲ್ಲಿ ಕುಂದರತಾರ, ಹೊತ್ತಿಗೆ ಉಣತಾರ, ಕಾಲು ಬಾತ್ರ ಮಕ್ಕೊತಾರ. ಮಲ್ಲಯ್ಯ ಯಾಕ ತಡಾ ಮಾಡಿದ್ರಿ ಅಂತ ಯಾರನ್ನೂ ಕೇಳಿಲ್ಲ. ರಾತ್ರಿ ನಾಲಿ ನೀರು ಕಟ್ಟೋ ಅಣ್ಣ ತಮ್ಮರು ಸರದಿ ಮ್ಯಾಲ ಎದ್ದಿರತಾರ. ಒಬ್ಬಂವ ಎದ್ದಾಗ ಇನ್ನೊಬ್ಬಂವ ಮಕ್ಕೊತಾನ, ಅದಕ್ಕೇ ಮುಂಜಾನಿ ಇಬ್ಬರೂ ಕೆಲಸಕ್ಕ ಬರತಾರ.

ಹಿರ್ಯಾರಿಗೂ ಒಂದು ಮಾತು. "ಕೀಲಿ ಕಸಗೊಂಡು ಬಿಡ್ರಿ" ಅಂದ್ರ ಮುಗೀಲಿಲ್ಲ. ಕೀಲಿ ಗೆಳ್ಯಾನ ಕಡೆ ಸಿಗತದ. ಅದರ ಬದಲಿ ಕರಾರು ಹಾಕ್ರಿ: ಕ್ಯಾಮೆರಾಕ್ಕಿಂತ ಮೊದಲು ಟೈರ್. ಹೋಗೋ ಮುಂಚಿನ ಒಂದು ವಾರ ಹೊತ್ತಿಗೆ ಸರಿಯಾಗಿ ನಿದ್ದಿ. ಮೊದಲು 300, ಆಮ್ಯಾಲ 500 ಕಿ.ಮೀ., ಹಗಲಿನಾಗ. ನಮ್ಮ ಕಡೆ ಬ್ಯಾಸಗಿಯಾಗ ಬಿಸಲು 40 ಡಿಗ್ರಿ ದಾಟತದ, ಆ ದಿನಗೋಳು ಬ್ಯಾಡ. ಎರಡು ತಾಸಿಗೊಮ್ಮೆ ಇಳದು ನೀರು, ಮಜ್ಜಿಗಿ. ಕಣ್ಣು ಎಳದ್ರ ಅಲ್ಲೇ ಗಾಡಿ ನಿಲ್ಲಿಸಿ ಮಕ್ಕೊಬೇಕು, ಸರ್ಟಿಫಿಕೇಟ್ ಹೋದ್ರ ಹೋಗಲಿ.

ಇಷ್ಟು ಮಾಡಾಕ ಆಗಲ್ಲ ಅನ್ನಂವಗ ರ‍್ಯಾಲಿ ಬೇಕಾಗಿಲ್ಲ, ಫೋಟೋ ಬೇಕಾಗ್ಯದ. ಫೋಟೋ ನಮ್ಮ ಅಂಗಳದಾಗೂ ತೆಗೀಬಹುದು, ಬಾ ತಮ್ಮಾ, ನಾನೇ ತೆಗೀತೀನಿ.