ನೋಡದವನ ಸಾಕ್ಷ್ಯ

ಚಲನಚಿತ್ರವೊಂದರ ಬಗ್ಗೆ, ಧಾರಾವಾಹಿಯ ಒಂದು ಸಂಚಿಕೆಯ ಬಗ್ಗೆ ನಾಲ್ಕು ಮಾತಾಡುವುದನ್ನು ಜನರು ಹಗುರವಾದ ಕೆಲಸವೆಂದೇ ಎಣಿಸಿದ್ದಾರೆ. ನಾವು ಹಾಗೆ ಎಣಿಸುವುದಿಲ್ಲ. ‘ಆ ಚಿತ್ರ ನಮ್ಮ ದೀನನ್ನು ಹೀಯಾಳಿಸುತ್ತದೆ’ ಎನ್ನುವವನೂ ‘ಆ ಸೀರಿಯಲ್ ಭಾಳ ಚಲೋ ಐತಿ, ಮಕ್ಕಳಿಗೆ ತೋರಸ್ರಿ’ ಎನ್ನುವವನೂ ತಾನು ಕಂಡದ್ದನ್ನು ಕಾಣದವರ ಮುಂದೆ ನುಡಿಯುತ್ತಿದ್ದಾನೆ. ಕಂಡದ್ದನ್ನು ನುಡಿಯುವುದಕ್ಕೆ ಸಾಕ್ಷ್ಯವೆಂದು ಹೆಸರು. ಕಾಣದೆ ನುಡಿದರೆ ಅದಕ್ಕೆ ಏನೆಂದು ಹೆಸರಿಡಬೇಕೆಂಬುದು ಓದುಗರಿಗೆ ತಿಳಿದೇ ಇದೆ.

ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ ಇಂದು ಚಿತ್ರವೊಂದು ಟಾಕೀಸಿಗೆ ಬರುವ ಮೊದಲೇ ಅದರ ಮೇಲಿನ ತೀರ್ಪು ಮೊಬೈಲಿಗೆ ಬಂದಿರುತ್ತದೆ. ಎರಡು ಮೂರು ನಿಮಿಷದ ಟ್ರೇಲರ್, ಅದರಿಂದ ಕತ್ತರಿಸಿದ ಅರ್ಧ ನಿಮಿಷದ ತುಣುಕು, ಅದರ ಕೆಳಗೆ ಯಾರೋ ಬರೆದ ಎರಡು ಸಾಲು; ಇಷ್ಟರ ಮೇಲೆ ಮನೆಮನೆಯಲ್ಲಿ ವಾದ ನಡೆಯುತ್ತದೆ. ‘ನೀವು ನೋಡೀರೇನ್ರಿ?’ ಎಂದು ಕೇಳಿದರೆ ‘ಎಲ್ಲಾರೂ ಹೇಳಾಕತ್ತಾರಲ್ರೀ’ ಎಂಬ ಉತ್ತರ. ಆ ‘ಎಲ್ಲರೂ’ ಯಾರೆಂದು ಹುಡುಕುತ್ತ ಹೋದರೆ ಅವರಲ್ಲಿ ಒಬ್ಬನೂ ಚಿತ್ರವನ್ನು ನೋಡಿರುವುದಿಲ್ಲ.

ಸಾಮಾನ್ಯ ಪ್ರೇಕ್ಷಕನು ಬಾಯಿ ಮುಚ್ಚಿಕೊಂಡಿರಬೇಕು, ಪಂಡಿತರು ಮಾತ್ರ ಮಾತಾಡಬೇಕು ಎಂಬುದು ನಮ್ಮ ವಾದವಲ್ಲ. ನಮ್ಮ ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಕ್ಕುಂದಗಳೊಡನೆ ಪುಲಿಗೆರೆಯನ್ನೂ ಹೆಸರಿಸಿತು. ವಿಶೇಷವಾಗಿ ಓದದ ಜನರಿಗೂ ಕಾವ್ಯದ ಜಾಣ್ಮೆಯುಂಟೆಂದು ಅದೇ ಗ್ರಂಥ ಈ ನಾಡವರನ್ನು ಹೊಗಳಿದೆ. ಆದರೆ ಆ ಹೊಗಳಿಕೆಗೆ ಇನ್ನೊಂದು ಭಾಗವಿದೆ: ಇವರು ಹದವರಿತು ನುಡಿಯಬಲ್ಲರು, ಆಡಿದ ಮಾತನ್ನು ಅರಿತ ಮೇಲೆ ತೂಗಬಲ್ಲರು. ಅರಿತ ಮೇಲೆ ತೂಗುವುದು, ಅದಕ್ಕೆ ಮುಂಚೆ ಅಲ್ಲ. ಗದಗಿನ ಎಪಿಎಂಸಿಯಲ್ಲಿ ಮೆಣಸಿನಕಾಯಿ ಕೊಳ್ಳುವವನು ಚೀಲದೊಳಗೆ ಕೈ ಹಾಕದೆ ದರ ಹೇಳುವುದಿಲ್ಲ. ಬೆಟಗೇರಿಯ ನೇಕಾರನು ಸೀರೆಯ ಮಡಿಕೆ ಬಿಚ್ಚದೆ ಅದರ ಗುಣ ಹೇಳುವುದಿಲ್ಲ. ಓದು ಬಾರದವರಿಗೂ ಒಗ್ಗಿದ ಈ ಶಿಸ್ತು ಮೊಬೈಲ್ ಹಿಡಿದವರ ಕೈಯಲ್ಲಿ ಏಕೆ ತಪ್ಪುತ್ತಿದೆ ಎಂಬುದೇ ನಮ್ಮ ಪ್ರಶ್ನೆ.

ಈ ಶಿಸ್ತು ನಮಗೆ ದೀನಿನಿಂದಲೂ ಬಂದಿದೆ. ತಂದ ಸುದ್ದಿಯನ್ನು ಪರಿಶೀಲಿಸಿ, ಇಲ್ಲವಾದರೆ ಅರಿಯದೆ ಜನರಿಗೆ ಹಾನಿ ಮಾಡಿ ಪಶ್ಚಾತ್ತಾಪಪಡುವಿರೆಂದು ಸೂರಃ ಅಲ್‌ಹುಜುರಾತ್ ಎಚ್ಚರಿಸುತ್ತದೆ. ಅರಿವಿಲ್ಲದ ವಿಷಯದ ಬೆನ್ನು ಹತ್ತಬೇಡಿ, ಕಿವಿ, ಕಣ್ಣು, ಹೃದಯಗಳೆಲ್ಲವೂ ವಿಚಾರಣೆಗೆ ಒಳಗಾಗುವವು ಎಂದು ಸೂರಃ ಬನೀ ಇಸ್ರಾಈಲ್ ತಿಳಿಸುತ್ತದೆ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಮನುಷ್ಯನು ಸುಳ್ಳುಗಾರನೆನಿಸಲು ಸಾಕೆಂಬ ಪ್ರವಾದಿವರ್ಯರ (ಸ) ಬೋಧನೆಯನ್ನು ಇಮಾಂ ಮುಸ್ಲಿಮ್‌ರು ತಮ್ಮ ಸಹೀಹ್ ಗ್ರಂಥದ ಪೀಠಿಕೆಯಲ್ಲೇ ಇಟ್ಟಿದ್ದಾರೆ. ಹದೀಸ್ ವಿದ್ವಾಂಸರು ಒಂದೊಂದು ಮಾತಿಗೂ ಸನದ್ ಕೇಳಿದರು: ಯಾರಿಂದ ಕೇಳಿದೆ, ಅವನು ಯಾರಿಂದ ಕೇಳಿದ, ಅವನ ನೆನಪು ಹೇಗಿತ್ತು? ಬಳಿಕವೇ ಸಹೀಹ್, ಹಸನ್, ಝಈಫ್ ಎಂದು ದರ್ಜೆ ನೀಡಿದರು. ಇಷ್ಟು ಸೂಕ್ಷ್ಮವಾದ ತಕ್ಕಡಿಯ ವಾರಸುದಾರರು ಇಂದು ‘ಸೂಪರ್’ ಮತ್ತು ‘ಹರಾಮ್’ ಎಂಬ ಎರಡೇ ಕಲ್ಲುಗಳಿಂದ ಎಲ್ಲವನ್ನೂ ತೂಗುತ್ತಿರುವುದು ಸಣ್ಣ ಪತನವಲ್ಲ.

ಇದರ ಫಲವನ್ನು ನಮ್ಮ ರಾಜ್ಯವೇ ಕಂಡಿದೆ. 2024ರ ಜೂನ್‌ನಲ್ಲಿ ‘ಹಮಾರೆ ಬಾರಹ್’ ಎಂಬ ಹಿಂದಿ ಚಿತ್ರದ ಟ್ರೇಲರ್ ನೋಡಿದ ಸಂಘಟನೆಗಳು ಆಕ್ಷೇಪಿಸಿದ ಮೇಲೆ ಕರ್ನಾಟಕ ಸರಕಾರವು ಅದರ ಬಿಡುಗಡೆಯನ್ನು ಎರಡು ವಾರಗಳ ಮಟ್ಟಿಗೆ ತಡೆಯಿತು. ಪ್ರಕರಣ ಮುಂಬಯಿ ಹೈಕೋರ್ಟಿನಲ್ಲಿ ನಿಂತಾಗ ನ್ಯಾಯಮೂರ್ತಿಗಳು ಸ್ವತಃ ಚಿತ್ರವನ್ನು ನೋಡಿದರು. ಮೊದಲ ಟ್ರೇಲರ್ ಆಕ್ಷೇಪಾರ್ಹವಾಗಿತ್ತೆಂದು ಒಪ್ಪಿದರು. ಆದರೆ ಚಿತ್ರದಲ್ಲಿ ಕುರ್‌ಆನಿಗೆ ವಿರುದ್ಧವಾದದ್ದು ತಮಗೆ ಕಾಣಲಿಲ್ಲವೆಂದರು. ಕೆಲವು ಬದಲಾವಣೆಗಳೊಡನೆ ಅದು ಜೂನ್ 21ರಂದು ಬಿಡುಗಡೆಯಾಯಿತು. ಆ ಚಿತ್ರವನ್ನು ಮೆಚ್ಚಿರೆಂದು ನಾವು ಹೇಳುತ್ತಿಲ್ಲ. ಟ್ರೇಲರ್ ಬೇರೆ, ಚಿತ್ರ ಬೇರೆ ಎಂಬ ಸರಳ ಭೇದವನ್ನು ನಮ್ಮವರಿಗಿಂತ ಮೊದಲು ನ್ಯಾಯಾಲಯ ಹೇಳಬೇಕಾಯಿತು ಎಂಬುದೇ ನೋವಿನ ಸಂಗತಿ.

ಇದಕ್ಕೆ ಪ್ರತಿಯಾಗಿ ‘ದಿ ಕೇರಳ ಸ್ಟೋರಿ’ಯ ಪ್ರಸಂಗವನ್ನು ನೋಡಿರಿ. ಅದರ ಪ್ರಚಾರದಲ್ಲಿ 32,000 ಯುವತಿಯರ ಮತಾಂತರವೆಂಬ ಅಂಕಿ ಮೆರೆಯಿತು. ಕೂಗಾಡಿದವರು ಹಲವರು, ಆದರೆ ಫಲ ಕೊಟ್ಟದ್ದು ‘ಈ ಅಂಕಿಗೆ ಆಧಾರವೇನು?’ ಎಂಬ ಒಂದೇ ಪ್ರಶ್ನೆ. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಮುಂದೆ, ಆ ಸಂಖ್ಯೆಗೆ ಅಧಿಕೃತ ಮಾಹಿತಿಯ ಬೆಂಬಲವಿಲ್ಲವೆಂಬ ಪ್ರಕಟಣೆಯನ್ನು ಚಿತ್ರದಲ್ಲೇ ತೋರಿಸಲು ನಿರ್ಮಾಪಕರು ಒಪ್ಪಬೇಕಾಯಿತು. ಅದೇ ದಿನ ಪಶ್ಚಿಮ ಬಂಗಾಳದ ನಿಷೇಧಕ್ಕೆ ತಡೆ ಬಿತ್ತು. ನಿಷೇಧ ಬಿದ್ದುಹೋಯಿತು, ಪ್ರಶ್ನೆ ನಿಂತಿತು. ಸುಳ್ಳಿನ ಎದುರು ಗೆಲ್ಲುವುದು ನಿಖರವಾದ ಮಾತು. ನೋಡದೆ ಕೂಗುವವನಿಗೆ ಈ ನಿಖರತೆ ಎಲ್ಲಿಂದ ಬರಬೇಕು?

ಕೇಳಿದ ಮಾತು ಪ್ರಾಣವನ್ನೇ ತೆಗೆದ ಉದಾಹರಣೆಯೂ ಇದೆ. ಮುಸ್ತಫಾ ಅಕ್ಕಾದ್ ಎಂಬ ಸಿರಿಯಾ ಮೂಲದ ನಿರ್ದೇಶಕರು ಇಸ್ಲಾಮಿನ ಆರಂಭದ ದಿನಗಳ ಕುರಿತು ‘ದಿ ಮೆಸೇಜ್’ ಎಂಬ ಚಿತ್ರ ನಿರ್ಮಿಸಿದರು. ಅದರಲ್ಲಿ ಪ್ರವಾದಿವರ್ಯರ (ಸ) ರೂಪವಿಲ್ಲ, ಧ್ವನಿಯೂ ಇಲ್ಲ. ಆದರೂ ನಟನೊಬ್ಬ ಆ ಪಾತ್ರ ವಹಿಸಿದ್ದಾನೆಂಬ ವದಂತಿ ಹಬ್ಬಿತು. 1977ರ ಮಾರ್ಚ್‌ನಲ್ಲಿ ವಾಷಿಂಗ್ಟನ್ ನಗರದಲ್ಲಿ ಶಸ್ತ್ರಧಾರಿಗಳ ಗುಂಪೊಂದು ಮೂರು ಕಟ್ಟಡಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನು ಒತ್ತೆಯಾಗಿ ಹಿಡಿಯಿತು; ಅವರ ಬೇಡಿಕೆಗಳಲ್ಲಿ ಆ ಚಿತ್ರದ ಪ್ರದರ್ಶನ ನಿಲ್ಲಿಸುವುದೂ ಒಂದಾಗಿತ್ತು. ರೇಡಿಯೋ ವರದಿಗಾರನಾದ ಯುವಕನೊಬ್ಬ ಗುಂಡಿಗೆ ಬಲಿಯಾದ. ಪ್ರವಾದಿಯ ಗೌರವಕ್ಕಾಗಿ ಎಂದು ಹೊರಟವರು ಅವರ ಚರಿತ್ರೆಯನ್ನು ಗೌರವದಿಂದ ಹೇಳಿದ ಚಿತ್ರದ ವಿರುದ್ಧವೇ ನಿಂತಿದ್ದರು.

ದ್ವೇಷದ ಮಾತಿಗೆ ಮಾತ್ರ ಸನದ್ ಬೇಕು, ಪ್ರೀತಿಯ ಮಾತಿಗೆ ಬೇಡ ಎನ್ನುವಂತಿಲ್ಲ. ತುರ್ಕಿಯ ‘ಎರ್ತುಗ್ರುಲ್’ ಧಾರಾವಾಹಿ ಉರ್ದುವಿನಲ್ಲಿ ಬಂದ ಮೇಲೆ ಎಷ್ಟೋ ಯುವಕರು ಅದರ ಸಂಭಾಷಣೆಯನ್ನೇ ಇತಿಹಾಸವೆಂದು ಉದ್ಧರಿಸುತ್ತಾರೆ. ಎರ್ತುಗ್ರುಲರ ಬಗ್ಗೆ ಸಮಕಾಲೀನ ದಾಖಲೆ ಇಲ್ಲವೆಂಬಷ್ಟು ಕಡಿಮೆ. ಮಗ ಉಸ್ಮಾನರ ನಾಣ್ಯದಲ್ಲಿ ತಂದೆಯ ಹೆಸರು ಸಿಗುತ್ತದೆ. ಐದು ಸರಣಿಗಳ ಕಥೆಯಲ್ಲಿ ಬಹುಪಾಲು ಕಲ್ಪನೆ. ಕಲ್ಪನೆಯನ್ನು ಕಲ್ಪನೆಯೆಂದು ಸವಿಯಲಿ. ಆದರೆ ನಮ್ಮನ್ನು ಹೊಗಳುವ ಕಥೆಗೆ ಒಂದು ಅಳತೆ, ತೆಗಳುವ ಕಥೆಗೆ ಇನ್ನೊಂದು ಅಳತೆ ಇಟ್ಟವನು ನ್ಯಾಯದ ಸಾಕ್ಷಿಯಾಗಲಾರ.

ನಮ್ಮದೇ ಕನ್ನಡದಲ್ಲಿ ಗಿರೀಶ ಕಾಸರವಳ್ಳಿಯವರು ಬಾನು ಮುಷ್ತಾಕ್‌ರ ‘ಕರಿ ನಾಗರಗಳು’ ಕಥೆಯನ್ನು ಆಧರಿಸಿ ‘ಹಸೀನಾ’ ಎಂಬ ಚಿತ್ರ ಮಾಡಿದರು. ಗಂಡನು ಕೈಬಿಟ್ಟ ಹೆಣ್ಣೊಬ್ಬಳು ಜಮಾಅತ್ತಿನ ಹಿರಿಯರ ಮುಂದೆ ನ್ಯಾಯ ಕೇಳಿ ನಿಲ್ಲುವ ಕಥೆ ಅದು. ಅವರ ‘ಗುಲಾಬಿ ಟಾಕೀಸ್’ನಲ್ಲಿ ಸೂಲಗಿತ್ತಿ ಗುಲಾಬಿಯ ಮನೆಗೆ ಟಿ.ವಿ. ಬರುತ್ತದೆ, ನೆರೆಯ ಹೆಂಗಸರು ಅದರ ಮುಂದೆ ಕೂಡುತ್ತಾರೆ. ಕಡೆಗೆ ಊರಿನ ಸಂಶಯವೇ ಆ ಮುಸ್ಲಿಂ ಹೆಣ್ಣನ್ನು ಊರು ಬಿಡಿಸುತ್ತದೆ. ಒಂದು ಚಿತ್ರ ನಮ್ಮೊಳಗಿನ ಅನ್ಯಾಯವನ್ನು ತೋರಿಸಿತು, ಇನ್ನೊಂದು ನಮಗಾಗುವ ಅನ್ಯಾಯವನ್ನು. ನೋಡಿದವನಿಗೆ ಮಾತ್ರ ತಿದ್ದುವ ಟೀಕೆಗೂ ಕೆಡಿಸುವ ಅಪಪ್ರಚಾರಕ್ಕೂ ಇರುವ ಅಂತರ ತಿಳಿಯುತ್ತದೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟುವವನು ತನ್ನ ಹಿತೈಷಿಯನ್ನೂ ಶತ್ರುವಿನ ಸಾಲಿಗೆ ಸೇರಿಸುತ್ತಾನೆ.

ಮನೆಯೊಳಗಿನ ಮಾತನ್ನೂ ಇಲ್ಲಿ ಹೇಳಲೇಬೇಕು. ವರ್ಷಗಟ್ಟಲೆ ಒಂದು ಧಾರಾವಾಹಿಯನ್ನು ನೋಡಿದ ಅತ್ತೆ-ಸೊಸೆಯರು ‘ಈ ಕಥೆ ಹೆಣ್ಣಮಕ್ಕಳನ್ನ ಹೆಣ್ಣಮಕ್ಕಳ ಮ್ಯಾಲೆ ಎತ್ತಿಕಟ್ಟತೈತಿ’ ಎಂದರೆ ಗಂಡಸರು ನಗುತ್ತಾರೆ. ಒಂದು ಕಂತನ್ನೂ ನೋಡದ ಗಂಡಸು ತೀರ್ಪು ಕೊಟ್ಟರೆ ಎಲ್ಲರೂ ಕೇಳುತ್ತಾರೆ. ಹಝ್ರತ್ ಆಯಿಶಾ (ರ) ಅವರು ತಾವು ಕಂಡು ತಿಳಿದುದರ ಬಲದಿಂದ ಹಿರಿಯ ಸಹಾಬಿಗಳ ವರದಿಗಳನ್ನೇ ತಿದ್ದಿದರು, ಉಮ್ಮತ್ ಅದನ್ನು ಗೌರವದಿಂದ ಸ್ವೀಕರಿಸಿತು. ಕಂಡವಳ ಮಾತು ಕಾಣದವನ ಮಾತಿಗಿಂತ ಮೇಲು.

‘ನೋಡುವುದೇ ತಪ್ಪಾದಾಗ ನೋಡಿ ಹೇಳಿರೆನ್ನುವುದು ಯಾವ ನ್ಯಾಯ?’ ಎಂದು ಕೆಲವರು ಕೇಳಿಯಾರು. ನೋಡಿರೆಂದು ನಾವು ಯಾರನ್ನೂ ಒತ್ತಾಯಿಸುವುದಿಲ್ಲ. ದೂರವಿರುವವರು ದೂರವಿರಲಿ, ಅದು ಅವರ ತಖ್ವಾ. ಅಶ್ಲೀಲ ತಪ್ಪು, ಸುಳ್ಳು ತಪ್ಪು ಎಂಬ ತತ್ವವನ್ನು ಹೇಳಲು ಯಾವ ಚಿತ್ರವನ್ನೂ ನೋಡಬೇಕಿಲ್ಲ. ಆದರೆ ‘ಈ ಚಿತ್ರದಲ್ಲಿ ಇಂಥದ್ದಿದೆ’ ಎಂಬುದು ತತ್ವವಲ್ಲ, ವರದಿ. ವರದಿ ಮಾಡುವವನು ಕಂಡಿರಬೇಕು, ಇಲ್ಲವೇ ಕಂಡ ನಂಬಿಗಸ್ತನ ಹೆಸರು ಹೇಳಬೇಕು. ಎರಡೂ ಇಲ್ಲದಿದ್ದರೆ ಮೌನವಿದೆ. ಇಮಾಂ ಮಾಲಿಕ್‌ರಂತಹ ಮಹಾ ವಿದ್ವಾಂಸರು ಹಲವಾರು ಪ್ರಶ್ನೆಗಳಿಗೆ ‘ನನಗೆ ತಿಳಿಯದು’ ಎಂದೇ ಉತ್ತರಿಸಿದರು. ಅದರಿಂದ ಅವರ ಗೌರವ ಕುಂದಲಿಲ್ಲ.

ಆದುದರಿಂದ ಪೋಷಕರಲ್ಲಿ ನಮ್ಮದೊಂದು ವಿನಂತಿ. ಮಕ್ಕಳು ಚಿತ್ರವೊಂದರ ಮಾತೆತ್ತಿದಾಗ ಬೈಯುವ ಮೊದಲು, ಒಪ್ಪುವ ಮೊದಲು ಮೂರು ಪ್ರಶ್ನೆ ಕೇಳಿರಿ: ನೀನೇ ನೋಡಿದೆಯಾ? ಪೂರ್ತಿ ನೋಡಿದೆಯಾ? ನಿನಗೆ ಸರಿಬಾರದ್ದು ಯಾವ ದೃಶ್ಯ, ಯಾವ ಮಾತು? ಇವಕ್ಕೆ ಉತ್ತರಿಸಲು ಕಲಿತ ಮಗು ನಾಳೆ ಯಾರ ವದಂತಿಗೂ ಬಲಿಯಾಗದು, ಯಾರ ವದಂತಿಗೂ ವಾಹನವಾಗದು. ಕಣ್ಣು, ಕಿವಿ, ಹೃದಯಗಳನ್ನು ಕೊಟ್ಟ ಅಲ್ಲಾಹನು ಅವುಗಳ ಲೆಕ್ಕವನ್ನು ಸರಿಯಾಗಿ ಒಪ್ಪಿಸುವ ಸೌಭಾಗ್ಯವನ್ನೂ ನಮಗೆಲ್ಲರಿಗೆ ದಯಪಾಲಿಸಲಿ. ಆಮೀನ್.